ನಿಮ್ಮದೊಂದು ಕತೆ, ಜೊತೆಗಾರರದೆರಡು: 32 ಪುಟದ ಕಥಾಪುಸ್ತಿಕೆ ತರುವ ಬಗೆ

ಪತ್ರಿಕೆಗೆ ಕತೆ ಕಳಿಸಿ ತಿಂಗಳುಗಟ್ಟಲೆ ಕಾಯುವುದು ಒಂದು ದಾರಿ. ಹತ್ತು ಹನ್ನೆರಡು ಕತೆ ಕೂಡಿದ ಮೇಲೆ ಸಂಕಲನ ತರುವುದು ಇನ್ನೊಂದು. ಅದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ. ಇವೆರಡರ ನಡುವೆ ಮೂರನೆಯದೂ ಇದೆ. ನಿಮ್ಮ ಹೊಸ ಕತೆಯೊಂದರ ಜೊತೆಗೆ ನೀವು ಮೆಚ್ಚುವ ಇಬ್ಬರು ಕತೆಗಾರರ ಒಂದೊಂದು ಕತೆ ಸೇರಿಸಿ, 32 ಪುಟದ ಪುಸ್ತಿಕೆ ಮಾಡಿ, ಓದುಗರಿಗೆ ನೇರವಾಗಿ ತಲುಪಿಸುವುದು. ನಿಮ್ಮ ಓದುಗರು ಅವರ ಕತೆ ಓದುತ್ತಾರೆ, ಅವರ ಓದುಗರು ನಿಮ್ಮದನ್ನು ಓದುತ್ತಾರೆ. ಖರ್ಚೂ ಕೈಮೀರುವುದಿಲ್ಲ.

ಇಂಥ ಪುಸ್ತಿಕೆಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ತಂದವರು ತಮ್ಮ ಕತೆಯ ಕರಡನ್ನು ನಾಲ್ಕು ಸಲ ನೋಡಿರುತ್ತಾರೆ, ಜೊತೆಗಾರರದನ್ನು ಬಂದ ಹಾಗೆಯೇ ಅಚ್ಚಿಗೆ ಕಳಿಸಿರುತ್ತಾರೆ. ಓದುಗರಿಗೆ ಅದು ಎರಡನೇ ಕತೆಯ ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಆ ಲೇಖಕರಿಗೂ ಗೊತ್ತಾಗುತ್ತದೆ, ಮತ್ತೆ ಅವರು ಕತೆ ಕೊಡುವುದಿಲ್ಲ. ಹಾಗಾಗಿ ಕೆಳಗೆ ಹೇಳುವ ಕೆಲಸವನ್ನೆಲ್ಲ ಮೂರೂ ಕತೆಗೆ ಸಮನಾಗಿ ಮಾಡಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ನಿಮ್ಮ ಕತೆಯೊಂದನ್ನೇ 16 ಪುಟದಲ್ಲಿ ತರುವುದು ಒಳ್ಳೆಯದು.

ಮೊದಲು ಪುಟದ ಲೆಕ್ಕ

ಕನ್ನಡದ ಕತೆ ಪುಸ್ತಕಗಳ ಸಾಮಾನ್ಯ ಆಕಾರ ಡೆಮಿ 1/8, ಅಂದರೆ ಕತ್ತರಿಸಿದ ಮೇಲೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಈ ಆಕಾರದಲ್ಲಿ ಒಂದು ಫಾರಂ ಎಂದರೆ 16 ಪುಟ. ಪ್ರೆಸ್‌ನವರು ಲೆಕ್ಕ ಹಾಕುವುದು ಪುಟದಲ್ಲಲ್ಲ, ಫಾರಂನಲ್ಲಿ. ಎರಡು ಫಾರಂಗೆ 32 ಪುಟ. ನಡುವೆ ಮಡಚಿದ ಒಂದು ಹಾಳೆ ಎಂದರೆ ನಾಲ್ಕು ಪುಟ. ಹಾಗಾಗಿ ಕತೆ 33ನೇ ಪುಟಕ್ಕೆ ನಾಲ್ಕು ಸಾಲು ಚಾಚಿಕೊಂಡರೂ ಸೆಂಟರ್ ಪಿನ್ ಹಾಕುವ, ಅಂದರೆ ನಡುಮಡಿಕೆಯಲ್ಲಿ ಪಿನ್ ಹೊಡೆಯುವ ಪುಸ್ತಿಕೆ 36 ಪುಟಕ್ಕೆ ಏರುತ್ತದೆ. ಮೂರು ಪುಟ ಖಾಲಿ ಉಳಿಯುತ್ತವೆ, ಕಾಲು ಫಾರಂಗೆ ಬೇರೆ ಪ್ಲೇಟು (ಅಚ್ಚಿನ ತಗಡು), ಬೇರೆ ಮಷೀನ್ ಓಟದ ಖರ್ಚು ಬೀಳುತ್ತದೆ. ಆದ್ದರಿಂದ ಕತೆ ಕೇಳುವ ಮೊದಲೇ ಪದಮಿತಿ ಗೊತ್ತಿರಬೇಕು.

ಹನ್ನೆರಡು ಪಾಯಿಂಟ್ ಅಕ್ಷರ, ಸಾಲಿನಿಂದ ಸಾಲಿಗೆ ಹದಿನೆಂಟು ಪಾಯಿಂಟ್ ಇಟ್ಟರೆ ಪುಟಕ್ಕೆ 27 ಸಾಲು ಕೂರುತ್ತದೆ. ಕನ್ನಡ ಪದಗಳು ಉದ್ದ, ಸಾಲಿಗೆ ಸರಾಸರಿ ಏಳು ಪದ. ಹೀಗೆ ಪುಟಕ್ಕೆ 190 ಪದದ ಆಸುಪಾಸು. ಶೀರ್ಷಿಕೆ ಪುಟ, ಹಕ್ಕು ಮತ್ತು ಮುದ್ರಣದ ವಿವರವಿರುವ ತಾಂತ್ರಿಕ ಪುಟ, ಪರಿವಿಡಿ, ಒಂದು ಪುಟದ ಮಾತು, ಲೇಖಕರ ಪರಿಚಯಕ್ಕೆ ಎರಡು ಪುಟ: ಇವನ್ನು ಕಳೆದರೆ ಕತೆಗೆ 26 ಪುಟ ಉಳಿಯುತ್ತದೆ. ಪ್ರತಿ ಕತೆಯೂ ಪುಟದ ಮೂರನೇ ಒಂದು ಭಾಗ ಬಿಟ್ಟು ಶುರುವಾಗುತ್ತದೆ, ಕೊನೆಯ ಪುಟ ಅರ್ಧಕ್ಕೆ ನಿಲ್ಲುತ್ತದೆ. ಇದನ್ನೆಲ್ಲ ಹಿಡಿದರೆ ಮೂರೂ ಕತೆ ಸೇರಿ 4,400 ಪದಕ್ಕೆ ಮಿತಿ. ಜೊತೆಗಾರರಿಬ್ಬರಿಗೂ 1,400 ಪದ ಎಂದು ಹೇಳಿ, ನಿಮ್ಮದಕ್ಕೆ 1,600 ಇಟ್ಟುಕೊಳ್ಳಿ. ಅವರ ಕತೆ 1,500 ಆದರೆ ಕಡಿಮೆಯಾಗಬೇಕಾದದ್ದು ನಿಮ್ಮದು. ಮನೆಯವರು ನೀವೇ ತಾನೆ, ಕೊನೆಗೆ ಬಡಿಸಿಕೊಳ್ಳಬೇಕು.

ಯಾರ ಕತೆ, ಯಾವ ಕತೆ

ಲೇಖಕರನ್ನು ಕೇಳುವ ಮೊದಲು ನಿಮ್ಮ ಕತೆ ಮುಗಿದಿರಬೇಕು, ಕನಿಷ್ಠ ಮೂರನೇ ಕರಡಿನಲ್ಲಾದರೂ ಇರಬೇಕು. ಯಾಕೆಂದರೆ ಪಕ್ಕದ ಕತೆಗಳನ್ನು ಆರಿಸಬೇಕಾದದ್ದು ಅದನ್ನು ನೋಡಿ. ಮೂರೂ ಕತೆ ಉತ್ತಮ ಪುರುಷದಲ್ಲಿ ಹಳೆಯ ಊರನ್ನು ನೆನೆಯುವಂಥವಾದರೆ ಓದುಗರಿಗೆ ಮೂರನೆಯ ಹೊತ್ತಿಗೆ ಯಾರ ಅಜ್ಜಿ ಯಾರದೆಂದು ಕಲಸಿಹೋಗುತ್ತದೆ. ನಿಮ್ಮದು ಹಳ್ಳಿಯದಾದರೆ ಒಂದು ಊರುಬಿಟ್ಟವರ ಕತೆ ಇರಲಿ. ನಿಮ್ಮದರಲ್ಲಿ ಮಾತು ಕಡಿಮೆಯಿದ್ದರೆ ಸಂಭಾಷಣೆಯಿಂದಲೇ ನಡೆಯುವ ಕತೆ ಹುಡುಕಿ. ನಿಮ್ಮ ಕತೆಯನ್ನು ನಡುವೆ ಇಡಿ. ಮೊದಲ ಜಾಗ ಜೊತೆಗಾರರಿಗೆ ಕೊಟ್ಟರೆ ಮರ್ಯಾದೆಯೂ ಹೌದು. ಕೊನೆಯ ಜಾಗಕ್ಕೆ ಅವರಿಬ್ಬರ ಕತೆಗಳಲ್ಲಿ ಗಟ್ಟಿಯಾದದ್ದು ಹೋಗಬೇಕು, ಅದು ಯಾರದೇ ಆಗಿರಲಿ.

ಕೇಳುವಾಗ ‘ಯಾವುದಾದರೂ ಒಂದು ಕತೆ ಕೊಡಿ ಸರ್’ ಎಂದರೆ ಕೆಲಸ ಕೆಟ್ಟಿತು. ಬೇರೆಡೆ ತಿರಸ್ಕೃತವಾಗಿ ಪೆಟ್ಟಿಗೆಯಲ್ಲಿ ಬಿದ್ದದ್ದು ಬರುತ್ತದೆ, ಅದನ್ನು ಬೇಡ ಎನ್ನಲು ಬಾಯಿ ಬರುವುದಿಲ್ಲ. ಅವರ ಯಾವ ಕತೆ ಓದಿದ್ದೀರಿ, ಅದರಲ್ಲಿ ಯಾವುದು ಹಿಡಿಸಿತು, ಈಗ ಎಂಥದ್ದು ಬೇಕು, ಎಷ್ಟು ಪದ, ಯಾವ ತಾರೀಖಿನೊಳಗೆ, ಆಯ್ಕೆ ಆಗದಿದ್ದರೆ ಎಷ್ಟು ದಿನದಲ್ಲಿ ತಿಳಿಸುತ್ತೀರಿ: ಇಷ್ಟನ್ನೂ ಬರೆದು ಕೇಳಿ. ಹದಿನೈದು ದಿನದೊಳಗೆ ಹೌದು ಅಥವಾ ಇಲ್ಲ ಎಂದು ಹೇಳಿಬಿಡಿ.

ಒಂದು ವಿಷಯವನ್ನು ಅವರಿಗೆ ಮೊದಲೇ ನೆನಪಿಸಬೇಕು. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸುವ ಕತೆ ಬೇರೆಲ್ಲೂ ಪ್ರಕಟವಾಗಿರಬಾರದು ಎಂಬುದು ಸಾಮಾನ್ಯ ನಿಯಮ. ನಿಮ್ಮ ಮುನ್ನೂರು ಪ್ರತಿಯ ಪುಸ್ತಿಕೆಯೂ ಪ್ರಕಟಣೆಯೇ. ಫೇಸ್‌ಬುಕ್‌ನಲ್ಲೋ ‘ಪ್ರತಿಲಿಪಿ’ ಜಾಲತಾಣದಲ್ಲೋ ಹಾಕಿದ್ದೂ ಪ್ರಕಟಣೆಯೆಂದೇ ಎಣಿಸುವವರು ಬಹಳ. ಸ್ಪರ್ಧೆಗೆಂದು ಎತ್ತಿಟ್ಟ ಕತೆಯನ್ನು ತಿಳಿಯದೆ ನಿಮಗೆ ಕೊಟ್ಟುಬಿಟ್ಟರೆ ನಷ್ಟ ಅವರದು. ಪತ್ರಿಕೆಯಲ್ಲಿ ಆಗಲೇ ಬಂದ ಕತೆಯಾದರೆ ಯಾವ ಪತ್ರಿಕೆ, ಯಾವ ಸಂಚಿಕೆ ಎಂದು ಕೇಳಿಟ್ಟುಕೊಳ್ಳಿ. ಪುಸ್ತಿಕೆಯಲ್ಲಿ ಅದನ್ನು ನಮೂದಿಸಬೇಕು.

ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ

ಗೆಳೆತನವಿದ್ದಲ್ಲಿ ಕಾಗದ ಯಾಕೆ ಎಂದು ಸಂಕೋಚವಾಗುತ್ತದೆ. ಗೆಳೆತನ ಉಳಿಯಲೆಂದೇ ಕಾಗದ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕತೆಯ ಹಕ್ಕು ಬರೆದವರದು. ಅದನ್ನು ಬಳಸಲು ಕೊಡುವ ಅನುಮತಿ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಈ ಎರಡನೆಯದು ಮುಖ್ಯ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ಮುಂದೆ ಇ-ಪುಸ್ತಕ ಮಾರುವ ಯೋಚನೆಯಿದ್ದರೆ ‘ಎಲ್ಲ ದೇಶಗಳಲ್ಲಿ’ ಎಂಬ ಎರಡು ಪದ ಪತ್ರದಲ್ಲಿ ಇರಲೇಬೇಕು.

ಒಂದು ಪುಟದ ಪತ್ರ ಸಾಕು. ಕತೆಯ ಹೆಸರು, ಲೇಖಕರ ದಾಖಲೆಯ ಹೆಸರು ಮತ್ತು ಕಾವ್ಯನಾಮ, ಈ ಪುಸ್ತಿಕೆಯ ಅಚ್ಚು ಮತ್ತು ಇ-ಪುಸ್ತಕಕ್ಕೆ ಮಾತ್ರ ಅನುಮತಿ, ಎಷ್ಟು ಪ್ರತಿ, ಎಷ್ಟು ವರ್ಷ (ಎರಡು ಸಾಕು), ಅನುವಾದ, ಆಡಿಯೋ, ನಾಟಕ, ಸಿನಿಮಾ ಹಕ್ಕು ಇದರಲ್ಲಿ ಸೇರಿಲ್ಲ, ಲೇಖಕರು ಅದೇ ಕತೆಯನ್ನು ತಮ್ಮ ಸಂಕಲನದಲ್ಲಿ ಯಾವಾಗ ಬೇಕಾದರೂ ಸೇರಿಸಬಹುದು, ಅವರ ಒಪ್ಪಿಗೆಯಿಲ್ಲದೆ ಪದ ಬದಲಿಸುವುದಿಲ್ಲ, ಗೌರವಪ್ರತಿ ಎಷ್ಟು, ಗೌರವಧನ ಎಷ್ಟು, ಯಾವಾಗ. ಹಣ ಕೊಡಲು ಆಗದಿದ್ದರೆ ‘ಗೌರವಧನ ಇಲ್ಲ, 15 ಪ್ರತಿ’ ಎಂದೇ ಬರೆಯಿರಿ. ‘ನೋಡೋಣ, ಮಾರಾಟ ಆದ ಮೇಲೆ’ ಎಂಬ ಮಾತಿನಿಂದಲೇ ಮನಸ್ತಾಪ ಹುಟ್ಟುವುದು. ಸಹಿ ಮಾಡಿದ ಪತ್ರದ ಒಂದು ಪ್ರತಿ ಅವರಿಗೆ, ಒಂದು ನಿಮಗೆ.

ತೀರಿಕೊಂಡ ಲೇಖಕರ ಕತೆ ಹಾಕುವ ಆಸೆಯಿದ್ದರೆ ನೆನಪಿರಲಿ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಮನೆಯವರ ಸಹಿ ಬೇಕು. ಮುಖಪುಟದ ಚಿತ್ರಕ್ಕೂ ಇದೇ ನ್ಯಾಯ; ಗೂಗಲ್‌ನಿಂದ ಇಳಿಸಿಕೊಂಡ ಚಿತ್ರ ಬೇಡ.

ಕಡತ ಕೈಗೆ ಬಂದಾಗ

ಕತೆಗಳು ನಾಲ್ಕು ರೂಪದಲ್ಲಿ ಬರುತ್ತವೆ: ಯೂನಿಕೋಡ್ (ಯಾವ ಯಂತ್ರದಲ್ಲೂ ಕನ್ನಡವಾಗಿಯೇ ತೆರೆಯುವ) ವರ್ಡ್ ಕಡತ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ (ಅದರದೇ ಫಾಂಟ್ ಬೇಕಾಗುವ) ಕಡತ, ವಾಟ್ಸಾಪ್ ಸಂದೇಶ, ಕೈಬರಹದ ಫೋಟೊ. ಎಲ್ಲವನ್ನೂ ಯೂನಿಕೋಡ್‌ಗೆ ತಂದುಕೊಂಡೇ ಮುಂದಿನ ಕೆಲಸ. ‘ನಮ್ಮಲ್ಲಿ ಶ್ರೀಲಿಪಿ ಇದೆ, ನುಡಿ ಇದೆ, ಅದರಲ್ಲೇ ಮಾಡಿಕೊಡ್ತೀವಿ’ ಎನ್ನುವ ಡಿಟಿಪಿ ಅಂಗಡಿಗಳು ಇನ್ನೂ ಇವೆ. ಅಚ್ಚಿಗೆ ಅದು ನಡೆಯುತ್ತದೆ. ಆದರೆ ಆ ಕಡತದಿಂದ ಇ-ಪುಸ್ತಕ ಬರುವುದಿಲ್ಲ, ಪದ ಹುಡುಕಲು ಆಗುವುದಿಲ್ಲ. ಯೂನಿಕೋಡ್‌ನಿಂದ ಆಸ್ಕಿಗೆ ತಿರುಗಿಸುವಾಗ ಹೊಸ ತಪ್ಪುಗಳೂ ಸೇರುತ್ತವೆ.

ಪರಿವರ್ತಕ ತಂತ್ರಾಂಶದಿಂದ ಹೊರಬಂದ ಪಠ್ಯದಲ್ಲಿ ಮೂರು ಕಡೆ ಕಣ್ಣಿಡಿ.

ಮೊದಲನೆಯದು ಸೊನ್ನೆ. ಅನುಸ್ವಾರದ ‘ಂ’ ಇರಬೇಕಾದಲ್ಲಿ ಕನ್ನಡ ಅಂಕಿಯ ‘೦’ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ ಥರ, ಕೆಲವು ಫಾಂಟ್‌ನಲ್ಲಿ ಕೂದಲೆಳೆಯಷ್ಟು ದೊಡ್ಡದು, ಅಷ್ಟೇ. ಆದರೆ ‘ಬ೦ದ’ ಎಂದು ಕೂತ ಪದವನ್ನು ‘ಬಂದ’ ಎಂದು ಹುಡುಕಿದರೆ ಸಿಗುವುದಿಲ್ಲ, ಇ-ಪುಸ್ತಕವನ್ನು ಗಟ್ಟಿಯಾಗಿ ಓದುವ ಯಂತ್ರ ಅಲ್ಲಿ ತೊದಲುತ್ತದೆ. ‘ಹುಡುಕಿ ಬದಲಿಸಿ’ ಕಿಟಕಿಯಲ್ಲಿ ಅಂಕಿಯ ೦ ಹಾಕಿ ಅನುಸ್ವಾರಕ್ಕೆ ಬದಲಿಸಿ. ಕತೆಯಲ್ಲಿ ನಿಜವಾಗಿ ಕನ್ನಡ ಅಂಕಿಗಳಿದ್ದರೆ ಒಂದೊಂದಾಗಿ ನೋಡಿಯೇ ಬದಲಿಸಬೇಕು.

ಎರಡನೆಯದು ಅರ್ಕಾವತ್ತು. ‘ಕಾರ್ಯ’ ಸರಿಯಾಗಿ ಬರುತ್ತದೆ, ಆದರೆ ‘ರ‍್ಯಾಲಿ’, ‘ರ‍್ಯಾಂಕ್’ ಎಂಬವು ಕೆಡುತ್ತವೆ. ರಕಾರದ ಕೆಳಗೆ ಯ-ಒತ್ತು ಬರಬೇಕಾದರೆ ರ ಮತ್ತು ಹಲಂತ ಚಿಹ್ನೆಯ (್) ನಡುವೆ ಕಾಣದ ಒಂದು ಕೂಡಿಸುವ ಅಕ್ಷರ ಇರಬೇಕು, ಅದೇ ಜೀರೋ ವಿಡ್ತ್ ಜಾಯ್ನರ್. ಅದು ಬಿದ್ದುಹೋದರೆ ‘ರ್ಯಾಲಿ’ ಆಗಿ, ರಕಾರ ಅರ್ಕಾವತ್ತಾಗಿ ‘ಯಾ’ದ ಬಲಕ್ಕೆ ಜಿಗಿಯುತ್ತದೆ.

ಮೂರನೆಯದು ಇದರ ತಮ್ಮ, ಬಿಡಿಸುವ ಅಕ್ಷರ. ‘ರಾಜ್‌ಕುಮಾರ್’, ‘ಸಾಫ್ಟ್‌ವೇರ್’, ‘ಬೆಂಗಳೂರ್‌ನಾಗ’ ಇಂಥ ಪದಗಳಲ್ಲಿ ಒತ್ತು ಕೂಡದಂತೆ ತಡೆಯುವುದು ಜೀರೋ ವಿಡ್ತ್ ನಾನ್-ಜಾಯ್ನರ್. ಸಂದೇಶವಾಗಿ ಬಂದ ಪಠ್ಯದಲ್ಲಿ ಇದು ಎಷ್ಟೋ ಸಲ ಮಾಯವಾಗಿ ‘ರಾಜ್ಕುಮಾರ್’, ‘ಸಾಫ್ಟ್ವೇರ್’ ಆಗಿರುತ್ತದೆ. ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಕರ್ಸರನ್ನು ಆ ಜಾಗದಲ್ಲಿ ಇಟ್ಟು, ಇಂಗ್ಲಿಷ್ ಕೀಲಿಯಲ್ಲಿ 200 ಬರೆದು ಅದಕ್ಕೆ ಸಿ ಅಕ್ಷರ ಸೇರಿಸಿ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಬಿಡಿಸುವ ಅಕ್ಷರ ಬರುತ್ತದೆ. ಸಿ ಬದಲು ಡಿ ಬರೆದರೆ ಕೂಡಿಸುವ ಅಕ್ಷರ. ಆಡುಮಾತಿನ ಸಂಭಾಷಣೆ ತುಂಬಿದ ಕತೆಯಲ್ಲಿ ಇಂಥ ಪದ ಪುಟಕ್ಕೆ ಹತ್ತಾದರೂ ಇರುತ್ತವೆ.

ಆಡುಮಾತನ್ನು ‘ತಿದ್ದುವ’ ಅಪಾಯ

ಕನ್ನಡ ಕತೆಯ ಜೀವ ಎಷ್ಟೋ ಸಲ ಇರುವುದೇ ಊರಿನ ಮಾತಿನಲ್ಲಿ. ಗದಗಿನ ಅಜ್ಜಿ ‘ಯಾಕೋ ತಮ್ಮಾ, ಉಂಡೀ ಏನು?’ ಎಂದು ಕೇಳುತ್ತಾಳೆ. ಮೈಸೂರು ಕಡೆಯ ಕರಡು ತಿದ್ದುವವರು ಅದನ್ನು ‘ಯಾಕಪ್ಪಾ, ಊಟ ಆಯ್ತಾ?’ ಎಂದು ಮಾಡಿಬಿಟ್ಟರೆ ಅಜ್ಜಿ ಅಲ್ಲೇ ಸತ್ತಳು. ಇಷ್ಟು ದೊಡ್ಡ ತಿದ್ದುಪಡಿ ಯಾರೂ ಮಾಡುವುದಿಲ್ಲ ಎನ್ನಬಹುದು. ಆದರೆ ‘ಅದ’ ಎಂಬುದು ‘ಅದೆ’ ಆಗುವುದು, ‘ಹೊಂಟೀನಿ’ ಎಂಬುದು ‘ಹೊರಟಿದ್ದೀನಿ’ ಆಗುವುದು, ‘ನಾಳಿ’ಗೆ ‘ನಾಳೆ’ ಬರುವುದು ದಿನವೂ ನಡೆಯುತ್ತದೆ. ಕೀಬೋರ್ಡಿನ ತಾನೇ-ತಿದ್ದುವ ಸೌಲಭ್ಯವೂ ಇದನ್ನು ಮಾಡುತ್ತದೆ. ಸಂಪಾದಿಸುವಾಗ ಅದನ್ನು ಆರಿಸಿಡಿ.

ಪರಿಹಾರ ಸರಳ. ಪ್ರತಿ ಕತೆಗೂ ಒಂದು ಪದಪಟ್ಟಿ ಮಾಡಿ. ಕತೆಯನ್ನು ಒಮ್ಮೆ ಪೂರ್ತಿ ಓದಿ, ಶಿಷ್ಟ ಕನ್ನಡಕ್ಕಿಂತ ಬೇರೆಯಾದ ಇಪ್ಪತ್ತು ಮೂವತ್ತು ರೂಪಗಳನ್ನು ಎತ್ತಿ ಬರೆಯಿರಿ: ಅದ, ಇಲ್ಲಿಮಟ, ಹೊಂಟೀನಿ, ಮಾಡ್ಲಿಕತ್ತಾನ, ಯವ್ವಾ. ಒಂದೇ ಪಾತ್ರ ಒಂದು ಕಡೆ ‘ಮಾಡ್ಲಿಕತ್ತಾನ’, ಇನ್ನೊಂದು ಕಡೆ ‘ಮಾಡಾಕತ್ತಾನ’ ಎಂದಿದ್ದರೆ ಎರಡನ್ನೂ ಪಟ್ಟಿಯಲ್ಲಿ ಹಾಕಿ ಲೇಖಕರಿಗೆ ಕಳಿಸಿ: ಯಾವುದು ಇರಲಿ, ಅಥವಾ ಬೇಕೆಂದೇ ಹೀಗೆ ಬರೆದಿದ್ದೀರಾ? ಆ ಮನೆಗೆ ಸೊಸೆಯಾಗಿ ಬಂದವಳ ತವರಿನ ಮಾತು ಬೇರೆ ಇರಬಹುದು. ಅದು ತಪ್ಪಲ್ಲ, ಕತೆಗಾರರ ಕಿವಿ. ಉತ್ತರ ಬಂದ ಮೇಲೆ ಆ ಪಟ್ಟಿಯೇ ಕರಡು ತಿದ್ದುವವರ ಕೈಗೆ ಹೋಗಬೇಕು. ಕುಂದಾಪುರದ್ದೋ ಹವ್ಯಕರದ್ದೋ ಮಾತಿನ ಕತೆಯಾದರೆ ಆ ಭಾಗದವರೊಬ್ಬರಿಂದ ಸಂಭಾಷಣೆಯನ್ನಷ್ಟೇ ಬೇರೆಯಾಗಿ ಓದಿಸಿ.

ಸಂಪಾದನೆಯ ಸಲಹೆಗಳನ್ನು ಎರಡು ಬಗೆ ಮಾಡಿ ಕಳಿಸಿ. ಕಾಗುಣಿತದ ತಪ್ಪುಗಳನ್ನು ತಿದ್ದಿಯೇ ತೋರಿಸಬಹುದು. ವಾಕ್ಯ ಕತ್ತರಿಸುವುದು, ಪ್ಯಾರಾ ಎತ್ತುವುದು, ಕೊನೆ ಬದಲಿಸುವುದು ಪ್ರಶ್ನೆಯಾಗಿಯೇ ಹೋಗಬೇಕು. ‘ಇಲ್ಲಿ ಮೂರು ಸಾಲು ತೆಗೆದರೆ ಅವನ ಸುಳ್ಳು ಓದುಗರಿಗೆ ಬೇಗ ಹೊಳೆಯುತ್ತದೆಯೇ?’ ಎಂಬಂತೆ ಕಾರಣ ಹೇಳಿ ಕೇಳಿ. ಲೇಖಕರು ಬೇಡ ಎಂದರೆ ಬೇಡ. ನಿಮ್ಮ ಕತೆಯನ್ನೂ ಅವರಿಬ್ಬರಿಗೆ ಕೊಟ್ಟು ಇದೇ ರೀತಿ ಗುರುತು ಹಾಕಿಸಿಕೊಳ್ಳಿ. ಇದು ಇಡೀ ಕೆಲಸದಲ್ಲಿ ನಿಮಗಾಗುವ ದೊಡ್ಡ ಲಾಭ: ಓದಿ ಹೊಗಳುವವರು ಸಿಗುತ್ತಾರೆ, ಸಾಲು ಹಿಡಿದು ಪ್ರಶ್ನೆ ಕೇಳುವ ಕತೆಗಾರರು ಸಿಗುವುದು ಅಪರೂಪ.

ಕೊನೆಯ ಕರಡನ್ನು ಕಾಗದದ ಮೇಲೆ ನೋಡಿ, ತೆರೆಯ ಮೇಲೆ ಅಲ್ಲ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಟ ನೋಡಲಿ. ಕನ್ನಡದಲ್ಲಿ ಕಾಗುಣಿತ ಪರೀಕ್ಷಕ ಹಿಡಿಯದ ತಪ್ಪುಗಳೇ ಹೆಚ್ಚು ಮುಜುಗರದವು: ‘ಇಲ್ಲಿ’ಗೆ ಒತ್ತು ಬಿಟ್ಟು ‘ಇಲಿ’, ‘ಹೇಳು’ವಿನಲ್ಲಿ ಳಕಾರ ತಪ್ಪಿ ಆಗುವ ಪದ, ‘ಹಾಲು’ ಹೋಗಿ ‘ಆಲು’. ಎರಡೂ ನಿಜವಾದ ಪದಗಳೇ ಆದ್ದರಿಂದ ಯಂತ್ರ ಸುಮ್ಮನಿರುತ್ತದೆ. ‘ಕತೆ’ಯೋ ‘ಕಥೆ’ಯೋ ಎಂಬುದನ್ನು ಮೂರು ಕತೆಗೂ ಸೇರಿಸಿ ಒಂದೇ ಮಾಡುವ ಹಟ ಬೇಡ, ಒಂದು ಕತೆಯೊಳಗೆ ಒಂದೇ ಇದ್ದರೆ ಸಾಕು. ತಾವು ಬರೆದದ್ದನ್ನು ತಾವೇ ಕರಡು ನೋಡಬಾರದು, ಅದಲುಬದಲು ಮಾಡಿಕೊಳ್ಳಿ.

ಪುಟ ಕಟ್ಟುವುದು

ಲಿಬ್ರೆಆಫೀಸ್ ಉಚಿತ, ಈ ಗಾತ್ರದ ಕೆಲಸಕ್ಕೆ ಸಾಕು. ಅದರಲ್ಲಿ ಕನ್ನಡ ‘ಸಂಕೀರ್ಣ ಲಿಪಿ’ಯ ಗುಂಪಿಗೆ ಸೇರುತ್ತದೆ. ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಗುರುತು ಹಾಕಿ ಕನ್ನಡ ಆರಿಸಬೇಕು. ಪ್ಯಾರಾ ಶೈಲಿಯಲ್ಲಿ ಫಾಂಟು ಮತ್ತು ಗಾತ್ರವನ್ನು ಆ ಗುಂಪಿಗೆ ಬೇರೆಯಾಗಿಯೇ ಕೊಡಬೇಕು. ಅಕ್ಷರದ ಗಾತ್ರ 12 ಎಂದು ಬದಲಿಸಿದರೂ ಕನ್ನಡ ಅಲುಗಾಡುವುದಿಲ್ಲ ಎಂದು ಪೇಚಾಡುವವರು ಬದಲಿಸಿರುವುದು ಇಂಗ್ಲಿಷ್ ಅಕ್ಷರದ ಗಾತ್ರ. ಇನ್‌ಡಿಸೈನ್ ಬಳಸುವವರಿಗೆ ಬೇರೆ ಎಚ್ಚರ: ಪ್ಯಾರಾಗ್ರಾಫ್ ಕಂಪೋಸರನ್ನು ವರ್ಲ್ಡ್-ರೆಡಿ ಎಂಬುದಕ್ಕೆ ಬದಲಿಸದಿದ್ದರೆ ಒತ್ತಕ್ಷರಗಳು ಒಡೆದು ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ.

ಫಾಂಟ್‌ಗೆ ನೋಟೊ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಚೆನ್ನ. ಎರಡೂ ಮುಕ್ತ ಪರವಾನಗಿಯವು, ಅಚ್ಚಿಗೂ ಇ-ಪುಸ್ತಕದೊಳಗೆ ಸೇರಿಸಲೂ ಅಡ್ಡಿಯಿಲ್ಲ. ಸಾಲಂತರ ಕಡಿಮೆ ಮಾಡಿ ಪುಟ ಉಳಿಸುವ ಆಸೆ ಬೇಡ. ಕನ್ನಡದಲ್ಲಿ ಕೆಳಗೆ ಒತ್ತು, ಮೇಲೆ ಗುಡಿಸು. 12 ಪಾಯಿಂಟ್‌ಗೆ 16ಕ್ಕಿಂತ ಕೆಳಗಿಳಿದರೆ ಮೇಲಿನ ಸಾಲಿನ ‘ಸ್ತ್ರೀ’ಯ ಕಾಲು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ಎರಡೂ ಅಂಚು ಸಮ ಮಾಡಿದಾಗ ‘ಹೋಗಬೇಕಾಗಿರಲಿಲ್ಲವೆಂದು’ ಎಂಬಂಥ ಪದ ಮುಂದಿನ ಸಾಲಿಗೆ ಹೋಗಿ ಮೇಲಿನ ಸಾಲಿನಲ್ಲಿ ಪದಗಳ ನಡುವೆ ಬಯಲು ಬೀಳುತ್ತದೆ. ಕನ್ನಡದ ಪದ ಒಡೆಯುವ ನಿಘಂಟು ಹಾಕಿಕೊಳ್ಳಿ, ಇಲ್ಲವೇ ಅಂಥ ಸಾಲುಗಳಲ್ಲಿ ಮಾತ್ರ ಅಕ್ಷರದ ಎಲ್ಲೆ ನೋಡಿ ಕೈಯಿಂದ ಒಡೆಯಿರಿ. ಒತ್ತಕ್ಷರದ ನಡುವೆ ಒಡೆಯಬಾರದು.

ಪುಟದ ಹೊರ ಅಂಚು 15 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಸೆಂಟರ್ ಪಿನ್ ಪುಸ್ತಿಕೆಯಲ್ಲಿ ಒಳಗಿನ ಹಾಳೆಗಳು ಹೊರಕ್ಕೆ ಚಾಚುತ್ತವೆ, ಕತ್ತರಿಸುವಾಗ ನಡುವಿನ ಪುಟಗಳ ಅಂಚು ಹೆಚ್ಚು ಹೋಗುತ್ತದೆ. ಪುಟದ ತಲೆಯಲ್ಲಿ ಎಡಕ್ಕೆ ಲೇಖಕರ ಹೆಸರು, ಬಲಕ್ಕೆ ಕತೆಯ ಹೆಸರು ಬರಲಿ. ಇದು ಅಲಂಕಾರವಲ್ಲ. ಯಾರೋ ನಾಲ್ಕು ಪುಟದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹರಿಯಬಿಟ್ಟಾಗ ಹೆಸರು ಕತೆಯ ಜೊತೆಗೇ ಹೋಗಬೇಕು.

ತಾಂತ್ರಿಕ ಪುಟವನ್ನು ಬೇರೆ ಪುಸ್ತಕದಿಂದ ಎತ್ತಿ ಅಂಟಿಸುವುದರಿಂದ ಆಗುವ ಎಡವಟ್ಟು ಒಂದಿದೆ: ‘ಹಕ್ಕುಗಳು: ಪ್ರಕಾಶಕರದು’ ಎಂಬ ಸಾಲು ಹಾಗೆಯೇ ಉಳಿದುಬಿಡುತ್ತದೆ. ನಿಮ್ಮದರಲ್ಲಿ ಇರಬೇಕಾದದ್ದು ಹೀಗೆ: ಪುಸ್ತಿಕೆಯ ಹೆಸರು, ಮೊದಲ ಮುದ್ರಣದ ವರ್ಷ, ಪ್ರತಿಗಳು: 300, ಪುಟಗಳು: 32, ಬೆಲೆ, ಬಳಸಿದ ಕಾಗದ: 70 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಎನ್.ಎಸ್. ಮ್ಯಾಪ್ಲಿತೋ, ಡೆಮಿ 1/8, ಕತೆಗಳ ಹಕ್ಕು: ಆಯಾ ಲೇಖಕರದು, ಮುಖಪುಟ ಚಿತ್ರ ಯಾರದು, ಕರಡು ತಿದ್ದಿದವರು ಯಾರು, ಪ್ರಕಾಶಕರ ಹೆಸರು, ಮುದ್ರಕರ ಹೆಸರು, ಊರು.

ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ, ಬೇಕೇ? ನೇರ ಮಾರಾಟಕ್ಕೆ ಬೇಡ, ಗ್ರಂಥಾಲಯ ಮತ್ತು ಆನ್‌ಲೈನ್ ಅಂಗಡಿಗೆ ಬೇಕು. ಭಾರತದಲ್ಲಿ ಇದನ್ನು ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ, ಪೂರ್ತಿ ಉಚಿತ, ಲೇಖಕರೇ ಅರ್ಜಿ ಹಾಕಬಹುದು. ಹಣ ತೆಗೆದುಕೊಂಡು ‘ಮಾಡಿಸಿಕೊಡುವ’ವರ ಕಡೆ ಹೋಗಬೇಡಿ. ನಿಯತಕಾಲಿಕಕ್ಕೆ ಐಎಸ್‌ಬಿಎನ್ ಸಿಗುವುದಿಲ್ಲ, ಹಾಗಾಗಿ ಪುಸ್ತಿಕೆಗೆ ‘ಸಂಪುಟ 1, ಸಂಚಿಕೆ 2’ ಎಂದು ಹಾಕಬೇಡಿ. ಪ್ರತಿಯೊಂದಕ್ಕೂ ತನ್ನದೇ ಹೆಸರಿರುವ ಪುಸ್ತಕವಾಗಿಯೇ ತನ್ನಿ.

ಪ್ರೆಸ್‌ನಲ್ಲಿ

ನೂರು ಪ್ರತಿಗೆ ಡಿಜಿಟಲ್, ಮುನ್ನೂರು ದಾಟಿದರೆ ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್. ನಡುವಿನದಕ್ಕೆ ಎರಡೂ ಕಡೆ ಕೊಟೇಶನ್ ತರಿಸಿ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಪ್ರತಿ ಎಷ್ಟಾದರೂ ಅಷ್ಟೇ. ಪ್ರತಿ ಹೆಚ್ಚಿದಂತೆ ಒಂದೊಂದರ ಮೇಲೆ ಬೀಳುವ ಭಾರ ಇಳಿಯುತ್ತದೆ. ‘ಮುನ್ನೂರು ಪುಸ್ತಕಕ್ಕೆ ಎಷ್ಟಾಗುತ್ತೆ?’ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದನ್ನು ಬಿಟ್ಟು ಹೇಳುತ್ತಾರೆ. ಕಾಗದ, ಪ್ಲೇಟು, ಒಳಪುಟದ ಮುದ್ರಣ, ಮುಖಪುಟದ ಕಾರ್ಡು ಮತ್ತು ನಾಲ್ಕು ಬಣ್ಣದ ಮುದ್ರಣ, ಲ್ಯಾಮಿನೇಷನ್, ಕ್ರೀಸಿಂಗ್, ಪಿನ್ನಿಂಗ್, ಕಟಿಂಗ್, ತೆರಿಗೆ: ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಕಾಗದದ ಲೆಕ್ಕ ನಿಮಗೇ ಗೊತ್ತಿರಲಿ. ಒಂದು ಡೆಮಿ ಹಾಳೆಯ ಎರಡೂ ಬದಿ ಸೇರಿ 16 ಪುಟ. ಪುಸ್ತಿಕೆಗೆ ಎರಡು ಹಾಳೆ, 300 ಪ್ರತಿಗೆ 600, ಮಷೀನ್ ಹೊಂದಿಸುವಾಗ ಹಾಳಾಗುವುದು ಸೇರಿ 650. ರೀಮಿಗೆ 500 ಹಾಳೆ. ಬಿಳಿ ಮ್ಯಾಪ್ಲಿತೋಗಿಂತ ಎನ್.ಎಸ್., ಅಂದರೆ ನಸು ಹಳದಿ ಛಾಯೆಯದು, ಕಣ್ಣಿಗೆ ತಂಪು. ಮುಖಪುಟಕ್ಕೆ 250 ಜಿ.ಎಸ್.ಎಂ. ಆರ್ಟ್ ಕಾರ್ಡ್ ಸಾಕು. 300 ಆದರೆ ತೆಳು ಪುಸ್ತಿಕೆಯ ಮೇಲೆ ಬಿಗಿಯಾಗಿ ನಿಂತು ಬಾಯಿ ತೆರೆದುಕೊಳ್ಳುತ್ತದೆ. ಎಷ್ಟೇ ಆಸೆಯಿದ್ದರೂ 32 ಪುಟಕ್ಕೆ ಪರ್ಫೆಕ್ಟ್ ಬೈಂಡಿಂಗ್ ಬೇಡ. ಅಂಟು ಹಿಡಿಯಲು ಬೆನ್ನೇ ಇರುವುದಿಲ್ಲ, ಹಾಳೆಗಳು ಉದುರುತ್ತವೆ.

ಪ್ರೆಸ್‌ಗೆ ಒಂದೊಂದು ಪುಟ ಕ್ರಮವಾಗಿರುವ ಪಿಡಿಎಫ್ ಕೊಡಿ, ಫಾಂಟ್ ಒಳಗೇ ಸೇರಿರಲಿ. ಪುಟ ಜೋಡಿಸುವ ಕೆಲಸ ಅವರದು. ಮುಖಪುಟಕ್ಕೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚುವರಿ ಬಿಡಿ. ವರ್ಡ್ ಕಡತ ಕೊಟ್ಟರೆ ಅವರ ಯಂತ್ರದಲ್ಲಿ ಬೇರೆ ಫಾಂಟ್ ಕೂತು 32 ಪುಟ 34 ಆಗುತ್ತದೆ. ಮಷೀನಿಗೆ ಏರಿಸುವ ಮೊದಲು ಮಡಚಿ ಕಟ್ಟಿದ ಡಮ್ಮಿ ಒಂದನ್ನು ಕೇಳಿ ಪಡೆದು ಪುಟಸಂಖ್ಯೆ, ತಲೆಬರಹ, ಕತೆಯ ಕೊನೆಯ ಸಾಲುಗಳನ್ನು ನೋಡಿ. ಆ ಡಮ್ಮಿಯ ಫೋಟೊ ಜೊತೆಗಾರರಿಗೂ ಹೋಗಲಿ, ತಮ್ಮ ಹೆಸರಿನ ಕಾಗುಣಿತವನ್ನು ಅವರೇ ನೋಡಲಿ.

ಹಂಚುವುದು

ಮುನ್ನೂರರಲ್ಲಿ ಮೊದಲು ಎತ್ತಿಡಬೇಕಾದವು: ಜೊತೆಗಾರರಿಗೆ ಹದಿನೈದರಂತೆ 30, ಚಿತ್ರ ಬರೆದವರಿಗೆ 5, ಕರಡು ನೋಡಿದವರಿಗೆ 2, ವಿಮರ್ಶೆಗೆ 10. ಇನ್ನು 4 ಪ್ರತಿ ಕಾನೂನಿನ ಪ್ರಕಾರ ಕೊಡಬೇಕಾದವು: 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಹೋಗಬೇಕು. ಸಣ್ಣ ಪ್ರಕಾಶಕರಲ್ಲಿ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಐವತ್ತು ವರ್ಷದ ಮೇಲೆ ನಿಮ್ಮ ಕತೆ ಯಾರಿಗಾದರೂ ಸಿಗಬೇಕಾದರೆ ಸಿಗುವುದು ಅಲ್ಲೇ.

ಮಾರಾಟಕ್ಕೆ ಉಳಿದದ್ದು 249. ಪುಸ್ತಕದಂಗಡಿಗಳು ಸಾಮಾನ್ಯವಾಗಿ ಮುಖಬೆಲೆಯಲ್ಲಿ ಶೇಕಡಾ ಮೂವತ್ತರಿಂದ ನಲವತ್ತು ತಮಗೆ ಮುರಿದುಕೊಂಡು ಉಳಿದದ್ದನ್ನು ಕೊಡುತ್ತವೆ, ಹಣ ಬರುವುದು ತಡ. ಲೆಕ್ಕ ತಿಳಿಯಲು ಹೇಳುವುದಾದರೆ, ಪ್ರತಿಗೆ 30 ರೂಪಾಯಿ ಖರ್ಚಾಗಿ ಬೆಲೆ 60 ಇಟ್ಟರೆ ಶೇಕಡಾ ನಲವತ್ತು ಕಳೆದು ಅಂಗಡಿಯಿಂದ ಕೈಗೆ ಬರುವುದು 36. ನೇರ ಮಾರಿದರೆ 150 ಪ್ರತಿಗೇ ಹಾಕಿದ ಬಂಡವಾಳ ವಾಪಸು. ಆದ್ದರಿಂದ ಇದು ಅಂಗಡಿಯ ಸರಕಲ್ಲ, ಚಂದಾದಾರರ ಸರಕು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗಲೂ ನೆಚ್ಚಿಕೊಂಡದ್ದು ಮೊದಲೇ ಹಣ ಕಟ್ಟುವ ಓದುಗರನ್ನು. ಅಚ್ಚಿಗೆ ಕೊಡುವ ತಿಂಗಳ ಮೊದಲೇ ಹೆಸರು ಬರೆಸಿಕೊಳ್ಳಲು ಶುರುಮಾಡಿ, ನೂರು ಹೆಸರು ಬಂದ ಮೇಲೆ ಪ್ಲೇಟು ಮಾಡಿಸಿ. ಬರದಿದ್ದರೆ ಪ್ರತಿ ಇಳಿಸಿ ಡಿಜಿಟಲ್‌ಗೆ ಹೋಗಿ.

ಅಂಚೆಗೆ ಈಗ ಅನುಕೂಲವಾದದ್ದು ಅಂಚೆ ಇಲಾಖೆಯ ಪುಸ್ತಕ ಸೇವೆಯಾದ ಜ್ಞಾನ ಪೋಸ್ಟ್, 2025ರ ಮೇ 1ರಿಂದ ಇದೆ. 300 ಗ್ರಾಂವರೆಗೆ 20 ರೂಪಾಯಿ ಮತ್ತು ತೆರಿಗೆ, ಎಲ್ಲಿಗೆ ತಲುಪಿತೆಂದು ನೋಡಲೂಬಹುದು. ನಿಯತಕಾಲಿಕಗಳಿಗೆ, ವ್ಯಾಪಾರದ ಪ್ರಚಾರ ಸಾಮಗ್ರಿಗೆ ಇದು ಸಲ್ಲುವುದಿಲ್ಲ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ತಾಂತ್ರಿಕ ಪುಟ ಇಲ್ಲೂ ಕೆಲಸಕ್ಕೆ ಬರುತ್ತದೆ. ನಿಮ್ಮ ಪುಸ್ತಿಕೆಯ ತೂಕ ಒಳಪುಟ 34 ಗ್ರಾಂ, ಮುಖಪುಟ 15 ಗ್ರಾಂ, ಒಟ್ಟು 50ರ ಹತ್ತಿರ. ಅಂದರೆ ಲಕೋಟೆ ಸೇರಿ ಐದು ಪ್ರತಿ ಅದೇ 20 ರೂಪಾಯಿಯಲ್ಲಿ ಹೋಗುತ್ತವೆ. ಒಂದು ಊರಿನ ಐವರು ಓದುಗರನ್ನು ಒಬ್ಬರ ವಿಳಾಸಕ್ಕೆ ಕೂಡಿಸಿದರೆ ಅಂಚೆ ವೆಚ್ಚ ಐದನೇ ಒಂದು ಭಾಗ. ಹಿಂದೆ ಒಂದು ರಟ್ಟಿನ ಹಾಳೆ ಇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಕರ್ನಾಟಕದ ಹೊರಗಿನ ವಿಳಾಸ ಇಂಗ್ಲಿಷಿನಲ್ಲಿರಲಿ.

ಹಣ ಫೋನಿಗೆ ಬಂದಾಗ ಕಳಿಸಿದವರ ಹೆಸರೂ ಪುಸ್ತಿಕೆ ಬೇಕಾದವರ ಹೆಸರೂ ಎಷ್ಟೋ ಸಲ ಬೇರೆಬೇರೆ ಇರುತ್ತವೆ, ಗಂಡನ ಖಾತೆಯಿಂದ ಹೆಂಡತಿ, ಮಗಳ ಖಾತೆಯಿಂದ ಅಪ್ಪ. ವಿಳಾಸದ ಸಂದೇಶದಲ್ಲೇ ಹಣ ಸಂದಾಯದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆಯಲು ಕೇಳಿ. ಒಂದು ಎಕ್ಸೆಲ್ ಹಾಳೆಯಲ್ಲಿ ಹೆಸರು, ಪಿನ್, ಹಣ ಬಂದ ದಿನ, ಕಳಿಸಿದ ದಿನ, ಅಂಚೆ ಸಂಖ್ಯೆ ಇಷ್ಟಿದ್ದರೆ ಸಾಕು.

ಪ್ರಚಾರಕ್ಕೆ ಪೂರ್ತಿ ಕತೆ ಹಂಚಬೇಡಿ. ಮೂರೂ ಕತೆಯ ಮೊದಲ 250 ಪದ ಚಿತ್ರವಾಗಿ ಹೋಗಲಿ, ಮೇಲೂ ಕೆಳಗೂ ಲೇಖಕರ ಹೆಸರಿರಲಿ. ಹೆಸರಿಲ್ಲದ ಪಠ್ಯ ಮೂರು ಗುಂಪು ದಾಟುವಷ್ಟರಲ್ಲಿ ‘ವಾಟ್ಸಾಪ್ ಕೃಪೆ’ ಆಗುತ್ತದೆ. ನೀವು ಮೊದಲು ಹಂಚಬೇಕಾದದ್ದು ಜೊತೆಗಾರರ ಕತೆಯ ತುಣುಕು, ನಿಮ್ಮದು ಕೊನೆಗೆ. ಬಿಡುಗಡೆಗೆ ಸಭಾಂಗಣ ಬೇಡ; ಬಡಾವಣೆಯ ಗ್ರಂಥಾಲಯವೋ ಯಾರದಾದರೂ ಮನೆಯ ಹಜಾರವೋ ಸಾಕು. ಅಲ್ಲಿ ಒಬ್ಬರ ಕತೆಯನ್ನು ಇನ್ನೊಬ್ಬರು ಓದಲಿ. 1,400 ಪದದ ಕತೆ ಗಟ್ಟಿಯಾಗಿ ಓದಲು ಹೆಚ್ಚುಕಡಿಮೆ ಕಾಲು ಗಂಟೆ ಹಿಡಿಯುತ್ತದೆ, ಮೂರು ಓದಿದರೆ ಮುಕ್ಕಾಲು ಗಂಟೆ. ಅಧ್ಯಕ್ಷರ ಭಾಷಣಕ್ಕೆ ಜಾಗ ಉಳಿಯದಿದ್ದರೆ ನಷ್ಟವಿಲ್ಲ.

ಅಚ್ಚಿನ ಪ್ರತಿ ತಲುಪಿ ಎರಡು ತಿಂಗಳಾದ ಮೇಲೆ ಅದೇ ಯೂನಿಕೋಡ್ ಕಡತದಿಂದ ಇಪಬ್, ಅಂದರೆ ಇ-ಪುಸ್ತಕದ ಕಡತ ಮಾಡಿ. ಲಿಬ್ರೆಆಫೀಸೇ ಮಾಡಿಕೊಡುತ್ತದೆ, ಮೈಲ್ಯಾಂಗ್‌ನಂಥ ಕನ್ನಡದ ಇ-ಪುಸ್ತಕ ತಾಣಗಳನ್ನು ಕೇಳಿನೋಡಬಹುದು. ಫೋನಿನಲ್ಲಿ ತೆರೆದು ರ‍್ಯಾಲಿ, ಸಾಫ್ಟ್‌ವೇರ್‌ಗಳು ಸರಿಯಾಗಿ ನಿಂತಿವೆಯೇ ಎಂದು ಮತ್ತೊಮ್ಮೆ ನೋಡಿ. ಆಗಲೇ ಮೂವರ ನಡುವೆ ಖರ್ಚು ವೆಚ್ಚದ ಹಾಳೆಯನ್ನೂ ಹಂಚಿಕೊಳ್ಳಿ: ಅಚ್ಚಿಗೆ ಎಷ್ಟು, ಅಂಚೆಗೆ ಎಷ್ಟು, ಮಾರಿದ್ದು ಎಷ್ಟು, ಪೆಟ್ಟಿಗೆಯಲ್ಲಿ ಉಳಿದದ್ದು ಎಷ್ಟು. ಪತ್ರದಲ್ಲಿ ಗೌರವಧನ ಬರೆದಿದ್ದರೆ ಅದು ಆ ಹಾಳೆಯ ಜೊತೆಗೇ ಹೋಗಬೇಕು. ಮುಂದಿನ ಪುಸ್ತಿಕೆಯನ್ನು ಅವರಲ್ಲೊಬ್ಬರು ತರುವುದಾದರೆ ನಿಮ್ಮ ಪುಟಶೈಲಿಯ ಕಡತ, ಚಂದಾದಾರರ ಒಪ್ಪಿಗೆ ಪಡೆದ ವಿಳಾಸಪಟ್ಟಿ, ಪ್ರೆಸ್‌ನ ಕೊಟೇಶನ್ ಮೂರನ್ನೂ ಅವರಿಗೆ ಕೊಟ್ಟುಬಿಡಿ.